ತಾಮ್ರದ ನಾಡು ಕೀವಿನಾ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಬೋಗಾರವೇಸ್ ಹತ್ತಿರ ನಮ್ಮದೊಂದು ಪಾತ್ರೆ ಅಂಗಡಿ ಇದೆ. ಬೋಗಾರ ಅಂದರೆ ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆ ಮಾರುವವರು. ವೇಸ್ ಅಂದರೆ ಊರ ಅಗಸಿ. ಈಗ ಅಗಸಿಯೂ ಇಲ್ಲ, ಬೋಗಾರರ ಅಂಗಡಿಗಳೂ ಜಾಸ್ತಿ ಉಳಿದಿಲ್ಲ. ನಾನಂತೂ ಇನ್ನೂ ಹಂಡೆ, ಕೊಡ, ತಂಬಿಗೆ ತೂಗಿಕೊಂಡು ಕೂತಿದ್ದೇನೆ.

ಮಗಳು ಎಂ.ಎಸ್. ಓದಲು ಅಮೆರಿಕದ ಮಿಶಿಗನ್ ರಾಜ್ಯದ ಕೀವಿನಾ ಸೀಮೆಯ ಹೋಟನ್ ಎಂಬ ಊರಿಗೆ ಹೋದಳು. ಹೋದ ವಾರವೇ ಫೋನ್ ಮಾಡಿ, "ಪಪ್ಪಾ, ಇದು ತಾಮ್ರದ ಗಣಿ ಇದ್ದ ಊರು" ಅಂದಳು. ಆಮೇಲೆ ನಾನು ಎರಡು ಸಲ ಅಲ್ಲಿಗೆ ಹೋಗಿ ಬಂದೆ, ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಚಳಿಗಾಲದಲ್ಲಿ. ಅಂದಿನಿಂದ ಅಂಗಡಿಗೆ ಬರುವ ಗಿರಾಕಿಗಳು, ಓಣಿಯವರು, ಮಕ್ಕಳನ್ನು ಅಲ್ಲಿಗೆ ಕಳಿಸಲು ಹೊರಟ ತಂದೆ-ತಾಯಿ ಎಲ್ಲರೂ ಕೇಳಿದ್ದನ್ನೇ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈ ಕೀವಿನಾ ಎಲ್ಲಿದೆ?

ಅಮೆರಿಕದ ಉತ್ತರದ ಅಂಚಿನಲ್ಲಿ, ಕೆನಡಾ ಗಡಿ ಕಡೆ. ಅಲ್ಲಿ ಲೇಕ್ ಸುಪೀರಿಯರ್ ಎಂಬ ಸರೋವರ ಇದೆ. ಸರೋವರ ಅಂದ ತಕ್ಷಣ ನಮ್ಮ ಕೋಟೆ ಕೆರೆ ನೆನಪಿಸಿಕೊಳ್ಳಬೇಡಿ. ಇದರ ವಿಸ್ತಾರ ಸುಮಾರು 82,000 ಚದರ ಕಿ.ಮೀ. ನಮ್ಮ ಬೆಳಗಾವಿಯಂಥ ಆರು ಜಿಲ್ಲೆ ಅದರಲ್ಲಿ ಮುಳುಗುತ್ತವೆ. ವಿಸ್ತಾರದ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ ಅದೇ. ದಂಡೆಯಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ. ಅಲೆ ಬಡಿಯುತ್ತಿರುತ್ತವೆ. ಗೋವಾದ ಸಮುದ್ರ ಅಂದುಕೊಂಡು ಬಾಯಿಗೆ ನೀರು ಹಾಕಿಕೊಂಡರೆ ಸಪ್ಪೆ!

ಆ ಸರೋವರದೊಳಗೆ ದಕ್ಷಿಣದ ದಂಡೆಯಿಂದ ಒಂದು ನೆಲದ ತುಂಡು ಬಾಗಿದ ಬೆರಳಿನ ಹಾಗೆ ಚಾಚಿಕೊಂಡಿದೆ. ಅದೇ ಕೀವಿನಾ ಪರ್ಯಾಯ ದ್ವೀಪ. ಬೆರಳಿನ ಉದ್ದಕ್ಕೂ ಬೆನ್ನುಮೂಳೆಯಂತೆ ಗುಡ್ಡದ ಸಾಲು. ಆ ಸಾಲಿನಲ್ಲೇ ತಾಮ್ರ ಇದ್ದದ್ದು. ಬೆರಳಿನ ನಡುವೆ ನೀರಿನ ಕಾಲುವೆ ಅಡ್ಡ ಹಾಯುತ್ತದೆ. ಅದರ ದಕ್ಷಿಣದ ದಡದಲ್ಲಿ ಹೋಟನ್, ಎದುರು ದಡದಲ್ಲಿ ಹ್ಯಾನ್ಕಾಕ್. ಎರಡನ್ನೂ ಕೂಡಿಸುವ ಕಬ್ಬಿಣದ ಸೇತುವೆ 1959ರದ್ದು. ಹಡಗು ಬಂದರೆ ಸೇತುವೆಯ ನಡುವಿನ ಭಾಗ ಲಿಫ್ಟಿನ ಹಾಗೆ ಮೇಲಕ್ಕೇರುತ್ತದೆ.

ಹೌಟನ್ ಅನ್ನಬೇಕಾ, ಹೋಟನ್ ಅನ್ನಬೇಕಾ?

ಹೋಟನ್. ನಾನು ಮೊದಲ ಸಲ ಹೌಟನ್ ಅಂದು ಮಗಳಿಂದ ಬೈಸಿಕೊಂಡೆ. ಕೀವಿನಾ ಎಂಬುದು ಅಲ್ಲಿನ ಮೂಲ ನಿವಾಸಿಗಳಾದ ಓಜಿಬ್ವೆ ಜನರ ಮಾತಿನಿಂದ ಬಂದದ್ದು. ದೋಣಿಯನ್ನು ಹೊತ್ತುಕೊಂಡು ನೆಲ ದಾಟುವ ಜಾಗ ಎಂದು ಅರ್ಥ. ಪರ್ಯಾಯ ದ್ವೀಪವನ್ನು ಸುತ್ತಿ ಹೋಗುವ ಬದಲು ನಡುವಿನ ನೀರಿನಲ್ಲಿ ಬಂದು, ಉಳಿದ ತುಂಡು ನೆಲವನ್ನು ದೋಣಿ ಹೊತ್ತು ದಾಟಿಬಿಡುತ್ತಿದ್ದರು. ಮುಂದೆ ಅಲ್ಲೇ ಕಾಲುವೆ ಅಗೆದರು.

"ಅಲ್ರೀ ಕಾಕಾ, ಭೂಮ್ಯಾಗ ಅಚ್ಚ ತಾಮ್ರಾನ ಸಿಗ್ತಿತ್ತೇನ್ರಿ?"

ಹೌದು. ಎಲ್ಲರಿಗೂ ನಂಬಿಕೆ ಬಾರದ ಮಾತು ಇದೇ. ಬೇರೆ ಕಡೆ ತಾಮ್ರ ಗಂಧಕದ ಜೊತೆಗೋ ಇನ್ಯಾವುದರ ಜೊತೆಗೋ ಬೆರೆತ ಅದಿರಾಗಿ ಸಿಗುತ್ತದೆ. ಅದನ್ನು ಪುಡಿ ಮಾಡಿ, ಸುಟ್ಟು, ಕರಗಿಸಿ ಲೋಹ ತೆಗೆಯಬೇಕು. ಕೀವಿನಾದಲ್ಲಿ ಲೋಹವೇ ಲೋಹವಾಗಿ ಕಲ್ಲಿನೊಳಗೆ ಕೂತಿತ್ತು. ಕಾಳಿನಷ್ಟು, ಅಂಗೈಯಷ್ಟು, ಕೆಲವು ಕಡೆ ಮನೆಯಷ್ಟು. ಕಲ್ಲು ಒಡೆದರೆ ಒಳಗೆ ಮುರಿಯದೆ ಬಾಗುವ ತಾಮ್ರ. ಅಲ್ಲಲ್ಲಿ ಬೆಳ್ಳಿಯೂ ಅಂಟಿಕೊಂಡಿರುತ್ತಿತ್ತು. ಒಂದೇ ತುಂಡಿನಲ್ಲಿ ಅರ್ಧ ಕೆಂಪು, ಅರ್ಧ ಬಿಳುಪು. ಅಂಥದ್ದೊಂದನ್ನು ಅಲ್ಲಿನ ಮ್ಯೂಸಿಯಂನಲ್ಲಿ ನೋಡಿದಾಗ, ಇದನ್ನು ಯಾವ ಭಾವಕ್ಕೆ ತೂಗಬೇಕಪ್ಪಾ ಎಂದು ವ್ಯಾಪಾರಿ ಬುದ್ಧಿ ಮೊದಲು ಓಡಿತು.

ಜಗತ್ತಿನಲ್ಲಿ ಅಚ್ಚ ತಾಮ್ರ ಚೂರುಪಾರು ಬೇರೆ ಕಡೆಯೂ ಸಿಗುತ್ತದೆ. ಆದರೆ ಅದನ್ನೇ ನೆಚ್ಚಿ ನೂರಕ್ಕೂ ಜಾಸ್ತಿ ವರ್ಷ ಗಣಿ ನಡೆಸುವಷ್ಟು ಸಿಕ್ಕಿದ್ದು ಇಲ್ಲೇ. 1845ರಿಂದ 1968ರವರೆಗೆ ಇಲ್ಲಿಂದ ಹೊರಬಂದ ತಾಮ್ರ ಸುಮಾರು 50 ಲಕ್ಷ ಟನ್.

ನಮ್ಮಲ್ಲೂ ಕಪ್ಪು ಕಲ್ಲೇ ತಾನೆ? ಇಲ್ಲೇಕೆ ತಾಮ್ರ ಇಲ್ಲ?

ಇದನ್ನು ಕೇಳಿದವರು ವಿಜಯಪುರದ ಒಬ್ಬ ಬಾವಿ ಕಾಂಟ್ರಾಕ್ಟರ್. ನನಗೆ ಬಂದ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದು ಇದು. ಉತ್ತರ ಸ್ವಲ್ಪ ಉದ್ದ.

ಬೆಳಗಾವಿಯ ಕೆಂಪು ಮಣ್ಣಿನ ಕೆಳಗೆ, ವಿಜಯಪುರದ ಎರೆ ಹೊಲದ ಕೆಳಗೆ ಇರುವ ಕಪ್ಪು ಕಲ್ಲು ಬಸಾಲ್ಟ್. ಗೋಲಗುಮ್ಮಟ ಕಟ್ಟಿದ್ದೂ ಅದರಿಂದಲೇ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಲಾವಾ ಉಕ್ಕಿ ಪದರ ಪದರವಾಗಿ ಹರಡಿತು. ಗೋಕಾಕ ಫಾಲ್ಸಿನ ಕಲ್ಲು ಬೇರೆ, ಅದು ಮರಳುಗಲ್ಲು, ಇದಕ್ಕಿಂತ ಎಷ್ಟೋ ಹಳೆಯದು. ಕೀವಿನಾದ ಕಪ್ಪು ಕಲ್ಲೂ ಬಸಾಲ್ಟೇ. ಆದರೆ ವಯಸ್ಸು ಸುಮಾರು 110 ಕೋಟಿ ವರ್ಷ. ಆಗ ಆ ಖಂಡ ನಡುವೆ ಸೀಳಿಕೊಂಡು ಎರಡಾಗಲು ಹೊರಟಿತ್ತು. ಪೂರ್ತಿ ಸೀಳಲಿಲ್ಲ. ಸೀಳಿನೊಳಗೆ ಮಾತ್ರ ಕಿಲೋಮೀಟರುಗಟ್ಟಲೆ ದಪ್ಪ ಲಾವಾ ತುಂಬಿಕೊಂಡಿತು.

ಲಾವಾ ಹರಿದು ಆರುವಾಗ ಒಳಗಿನ ಗಾಳಿ ಗುಳ್ಳೆಗಳಾಗಿ ಮೇಲಕ್ಕೆ ಬರುತ್ತದೆ. ಪಡ್ಡು ಬೇಯುವಾಗ ಮೇಲೆ ತೂತು ಬೀಳುತ್ತವಲ್ಲ, ಹಾಗೆ. ಪ್ರತಿ ಪದರದ ಮೇಲ್ಭಾಗ ತೂತು ತೂತು. ಬಾವಿ ತೋಡಿಸಿದವರು ನೋಡಿರುತ್ತೀರಿ: ನಮ್ಮ ಕಪ್ಪು ಕಲ್ಲಿನ ಆ ತೂತುಗಳಲ್ಲಿ ಬಿಳಿ ಹರಳು ತುಂಬಿರುತ್ತದೆ. ಕೀವಿನಾದಲ್ಲಿ ಅದೇ ತೂತುಗಳಲ್ಲಿ ತಾಮ್ರ ತುಂಬಿತು.

ಯಾಕೆ? ಅಲ್ಲಿನ ಲಾವಾ ಪದರಗಳು ಬಹಳ ಆಳಕ್ಕೆ ಹೂತುಹೋದವು. ಆಳದ ಬಿಸಿಗೆ ಕಾದ ನೀರು ಕಲ್ಲಿನಲ್ಲಿ ಚೂರುಚೂರಾಗಿ ಹರಡಿದ್ದ ತಾಮ್ರವನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಮೇಲೇರಿತು. ಮೇಲೆ ತಣ್ಣಗಿನ, ತೂತಿರುವ ಪದರ ಸಿಕ್ಕಲ್ಲಿ ತಾಮ್ರವನ್ನು ಇಳಿಸಿತು. ಅಲ್ಲಿ ಗಂಧಕ ತೀರಾ ಕಡಿಮೆ ಇತ್ತು. ಹಾಗಾಗಿ ತಾಮ್ರ ಯಾರ ಜೊತೆಗೂ ಸೇರದೆ ಒಂಟಿಯಾಗಿ ಉಳಿಯಿತು. ನಮ್ಮ ಲಾವಾ ಹೋಲಿಸಿದರೆ ಎಳೆಯದು, ಇಲ್ಲಿ ಅಷ್ಟು ಆಳಕ್ಕೆ ಹೂತದ್ದೂ ಇಲ್ಲ. ಕಲ್ಲು ಒಂದೇ ಜಾತಿ, ನಸೀಬು ಬೇರೆ.

ಕಾಂಟ್ರಾಕ್ಟರ್ ಇಷ್ಟೆಲ್ಲ ಕೇಳಿ, "ಅಂದ್ರ ನಮಗ ನೀರ ಗಟ್ಟಿ ಬಿಡ್ರಿ" ಅಂದರು.

ಅಲ್ಲಿ ಮೊದಲು ತಾಮ್ರ ಅಗೆದವರು ಯಾರು? ಇಂಗ್ಲಿಷರಾ?

ಅಲ್ಲ. ಸುಮಾರು 7,000 ವರ್ಷದ ಹಿಂದೆಯೇ ಅಲ್ಲಿನ ಮೂಲ ನಿವಾಸಿಗಳು ತಾಮ್ರ ತೆಗೆಯುತ್ತಿದ್ದರು. ಕೀವಿನಾದಲ್ಲೂ, ಸರೋವರದ ನಡುವಿನ ಐಲ್ ರಾಯಲ್ ದ್ವೀಪದಲ್ಲೂ ಅವರು ಅಗೆದ ಗುಂಡಿಗಳು ಈಗಲೂ ಇವೆ. ಗುಂಡು ಕಲ್ಲುಗಳನ್ನೇ ಸುತ್ತಿಗೆ ಮಾಡಿಕೊಂಡು ಬಂಡೆ ಒಡೆದು ತಾಮ್ರ ಬಿಡಿಸುತ್ತಿದ್ದರು. ಈಟಿ ಮೊನೆ, ಚಾಕು, ಸೂಜಿ, ಮಣಿ ಮಾಡುತ್ತಿದ್ದರು.

ಅವರು ತಾಮ್ರ ಕರಗಿಸಲಿಲ್ಲ, ಬಡಿದೇ ಆಕಾರ ಕೊಟ್ಟರು. ತಾಮ್ರವನ್ನು ಬಡಿಯುತ್ತಾ ಹೋದರೆ ಅದು ಗಡುಸಾಗುತ್ತದೆ. ಇನ್ನೂ ಬಡಿದರೆ ಸೀಳುತ್ತದೆ. ಆಗ ಬೆಂಕಿಗೆ ಹಿಡಿದು ಕೆಂಪಗೆ ಕಾಯಿಸಬೇಕು. ಮತ್ತೆ ಮೆತ್ತಗಾಗುತ್ತದೆ, ಮತ್ತೆ ಬಡಿಯಬಹುದು. ನಮ್ಮ ಅಂಗಡಿಗೆ ಹಂಡೆ ಮಾಡಿಕೊಡುತ್ತಿದ್ದ ತಾಂಬಟ ಅಜ್ಜ ಮಾಡುತ್ತಿದ್ದದ್ದೂ ಇದನ್ನೇ. ಹಂಡೆಯ ತಳ ಬಡಿಯುತ್ತಾ ಬಡಿಯುತ್ತಾ ಸದ್ದು ಬದಲಾದ ಕೂಡಲೇ ನಿಲ್ಲಿಸಿ ಬೆಂಕಿಗೆ ಇಡುತ್ತಿದ್ದ. ಕಣ್ಣಿನಿಂದಲ್ಲ, ಕಿವಿಯಿಂದ ಗೊತ್ತಾಗುತ್ತಿತ್ತು ಅವನಿಗೆ. ಮ್ಯೂಸಿಯಂನ ಗಾಜಿನ ಹಿಂದೆ ಆ ಹಳೆಯ ಈಟಿ ಮೊನೆ ನೋಡುವಾಗ ನನಗೆ ಆ ಟಣ್ ಟಣ್ ಕೇಳಿಸಿದ ಹಾಗಾಯಿತು.

ಹಾಗಾದರೆ ದೊಡ್ಡ ಗಣಿಗಳು ಶುರುವಾದದ್ದು ಯಾವಾಗ?

ಡಗ್ಲಸ್ ಹೋಟನ್ ಎಂಬವರು ಮಿಶಿಗನ್ ರಾಜ್ಯದ ಭೂವಿಜ್ಞಾನಿ. ವೈದ್ಯರೂ ಹೌದು. ಅವರು 1841ರಲ್ಲಿ ಕೊಟ್ಟ ವರದಿಯಲ್ಲಿ ಇಲ್ಲಿ ತಾಮ್ರ ಇದೆ ಎಂದು ಬರೆದರು, ಜೊತೆಗೆ ಆತುರಪಟ್ಟು ಓಡಿಬಂದರೆ ಕೈ ಸುಟ್ಟುಕೊಳ್ಳುತ್ತೀರಿ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಜನ ಮೊದಲನೆಯದನ್ನು ಮಾತ್ರ ಓದಿಕೊಂಡರು. 1842ರ ಲಾ ಪಾಯಿಂಟ್ ಒಪ್ಪಂದದಲ್ಲಿ ಓಜಿಬ್ವೆ ಜನರಿಂದ ಈ ನೆಲ ಅಮೆರಿಕ ಸರ್ಕಾರದ ಕೈಗೆ ಹೋಯಿತು. ಬೇಟೆ, ಮೀನುಗಾರಿಕೆಯ ಹಕ್ಕು ಮಾತ್ರ ಅವರಿಗೆ ಉಳಿಯಿತು. 1843ರಿಂದ ಜನ ನುಗ್ಗಿದರು. ಕ್ಯಾಲಿಫೋರ್ನಿಯಾದ ಚಿನ್ನದ ಓಟಕ್ಕಿಂತ ಐದಾರು ವರ್ಷ ಮೊದಲು ನಡೆದ ಓಟ ಇದು.

ಹೋಟನ್ 1845ರ ಅಕ್ಟೋಬರಿನಲ್ಲಿ ಅದೇ ಸರೋವರದಲ್ಲಿ ಬಿರುಗಾಳಿಗೆ ದೋಣಿ ಮಗುಚಿ ತೀರಿಕೊಂಡರು. ಆಗ ಅವರಿಗೆ 36 ವರ್ಷ. ಊರಿಗೆ ಅವರದೇ ಹೆಸರು.

ಅದೇ 1845ರಲ್ಲಿ ಕ್ಲಿಫ್ ಎಂಬ ಗಣಿ ಶುರುವಾಯಿತು. ಮೊದಲು ಲಾಭ ಕಂಡದ್ದು ಅದು. 1855ರಲ್ಲಿ ಸೂ ಎಂಬಲ್ಲಿ ಹಡಗು ದಾಟಿಸುವ ಕಾಲುವೆ ಆದ ಮೇಲೆ ತಾಮ್ರ ಸಾಗಿಸುವುದು ಸಲೀಸಾಯಿತು. 1861ರಿಂದ ಅಮೆರಿಕದ ಒಳಯುದ್ಧ. ತೋಪಿಗೆ, ಗುಂಡಿಗೆ (ಅಂಗಿಯ ಗುಂಡಿ, ಕೋವಿಯದ್ದಲ್ಲ), ನೀರಿನ ಬಾಟಲಿಗೆ ಎಲ್ಲಕ್ಕೂ ತಾಮ್ರ ಬೇಕಾಯಿತು.

ಎಷ್ಟು ದೊಡ್ಡ ತುಂಡು ಸಿಕ್ಕಿತ್ತು?

ಎಲ್ಲರಿಗೂ ಗೊತ್ತಿರುವುದು ಒಂಟನಾಗನ್ ಬಂಡೆ. ನದಿಯ ದಂಡೆಯಲ್ಲಿ ಬಿದ್ದಿದ್ದ ಅಚ್ಚ ತಾಮ್ರದ ಬಂಡೆ, ತೂಕ ಸುಮಾರು 1,680 ಕಿಲೋ. ಮೂಲ ನಿವಾಸಿಗಳಿಗೆ ಅದು ಪೂಜ್ಯ. 1843ರಲ್ಲಿ ಜೂಲಿಯಸ್ ಎಲ್ಡ್ರೆಡ್ ಎಂಬ ಡೆಟ್ರಾಯಿಟ್ ವ್ಯಾಪಾರಿ ಅದನ್ನು ಹಳಿ ಹಾಸಿ ಗುಡ್ಡ ಹತ್ತಿಸಿ ಸಾಗಿಸಿದ. ದುಡ್ಡು ಕೊಟ್ಟು ನೋಡಲು ಜನ ಬರುತ್ತಾರೆ ಎಂಬ ಆಸೆ. ಸರ್ಕಾರ ಬಿಡಲಿಲ್ಲ, ವಾಷಿಂಗ್ಟನ್‌ಗೆ ಒಯ್ದಿತು. ಈಗ ಅದು ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ನೆಲದೊಳಗೆ ಸಿಕ್ಕ ಗಟ್ಟಿಗಳ ಮುಂದೆ ಅದು ಏನೂ ಅಲ್ಲ. 1857ರಲ್ಲಿ ಒಂಟನಾಗನ್ ಕಡೆಯ ಮಿನೆಸೋಟಾ ಗಣಿಯಲ್ಲಿ ಸಿಕ್ಕ ಒಂದೇ ಗಟ್ಟಿ 500 ಟನ್ ಹತ್ತಿರ ಇತ್ತು. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ, 55 ಟನ್ ಅನ್ನುತ್ತಾರೆ. ಅಂಥ ಎಂಟೊಂಬತ್ತು ತೋಪು ಒಂದೇ ಉಂಡೆಯಾಗಿ ನೆಲದೊಳಗೆ ಇದ್ದ ಹಾಗೆ.

ಅಷ್ಟು ದೊಡ್ಡದನ್ನು ಹೊರಗೆ ತೆಗೆದದ್ದು ಹೇಗೆ?

ಅಲ್ಲೇ ಗೋಳು. ಕಲ್ಲಾದರೆ ಮದ್ದಿಟ್ಟು ಸಿಡಿಸಬಹುದು. ತಾಮ್ರ ಸಿಡಿಯುವುದಿಲ್ಲ, ಸುಮ್ನೆ ಬಾಗುತ್ತದೆ. ಮೊದಲು ಸುತ್ತಲಿನ ಕಲ್ಲು ಸಿಡಿಸಿ ಗಟ್ಟಿಯನ್ನು ಬಿಡಿಸಿಕೊಳ್ಳುತ್ತಿದ್ದರು. ಆಮೇಲೆ ಉಳಿ. ಒಬ್ಬ ಉದ್ದನೆಯ ಉಳಿ ಹಿಡಿದು ನಿಲ್ಲುತ್ತಾನೆ, ಇಬ್ಬರು ಸರದಿಯ ಮೇಲೆ ಸುತ್ತಿಗೆ ಬೀಸುತ್ತಾರೆ. ಗಟ್ಟಿಯ ಮೇಲೆ ಒಂದು ಗೆರೆಯ ಉದ್ದಕ್ಕೂ ಸಣ್ಣ ಪಟ್ಟಿಯಷ್ಟು ತಾಮ್ರ ಏಳುತ್ತದೆ. ಮತ್ತೆ ಮೊದಲಿನಿಂದ ಅದೇ ಗೆರೆ, ಇನ್ನೊಂದು ಪಟ್ಟಿ. ಹೀಗೆ ಕಾಲುವೆ ಆಳವಾಗುತ್ತಾ ಹೋಗಿ ತುಂಡು ಬೇರೆಯಾಗಬೇಕು. ಮೇಣದಬತ್ತಿಯ ಬೆಳಕಿನಲ್ಲಿ, ತಿಂಗಳುಗಟ್ಟಲೆ. ದೊಡ್ಡ ಗಟ್ಟಿ ಸಿಕ್ಕರೆ ಕಂಪನಿಯವರು ಹಿಗ್ಗುವುದಕ್ಕಿಂತ ತಲೆ ಕೆಡಿಸಿಕೊಳ್ಳುತ್ತಿದ್ದದ್ದೇ ಜಾಸ್ತಿ.

ನಿಜವಾದ ದುಡ್ಡು ಬಂದದ್ದು ಕಾಳು ತಾಮ್ರದಿಂದ. ಕಲ್ಲನ್ನು ಮೇಲೆ ತಂದು, ಆವಿಯಿಂದ ಏಳುವ ದೊಡ್ಡ ಒನಕೆಗಳ ಕೆಳಗೆ ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಜಾಲಿಸುತ್ತಿದ್ದರು. ತಾಮ್ರ ಭಾರ, ತಳಕ್ಕೆ ಕೂರುತ್ತದೆ. ಕಲ್ಲಿನ ಪುಡಿ ಹರಿದು ಸರೋವರಕ್ಕೆ ಹೋಗುತ್ತದೆ. ಅಕ್ಕಿ ಗಾಳಿಸಿದ ಹಾಗೇ. ಆ ಪುಡಿಯ ಕಥೆ ಮುಂದೆ ಇದೆ.

ಗಣಿ ಎಷ್ಟು ಆಳ ಇತ್ತು?

ಹ್ಯಾನ್ಕಾಕ್ ಗುಡ್ಡದ ಮೇಲಿನ ಕ್ವಿನ್ಸಿ ಗಣಿ 1846ರಿಂದ 1945ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ನಡೆಯಿತು. ಅದರ 2ನೇ ನಂಬರ್ ಬಾವಿ ಓರೆಯಾಗಿ 9,260 ಅಡಿ ಇಳಿಯುತ್ತದೆ. ಅಂದರೆ 2.8 ಕಿ.ಮೀ. ಕೆಳಗೆ 92 ಅಂತಸ್ತು. ಅಷ್ಟು ಆಳದಿಂದ ಕಲ್ಲು ಎಳೆಯಲು 1920ರಲ್ಲಿ ಕೂರಿಸಿದ ಆವಿಯ ಯಂತ್ರ ಜಗತ್ತಿನಲ್ಲೇ ಆ ಬಗೆಯ ಅತಿ ದೊಡ್ಡದು. ಬಹಳ ವರ್ಷ ಓಡಲಿಲ್ಲ. 1931ರಲ್ಲಿ ತಾಮ್ರದ ಬೆಲೆ ಬಿದ್ದು ಗಣಿ ನಿಂತಿತು. 1937ರಲ್ಲಿ ಮತ್ತೆ ತೆರೆದಾಗ ಯಂತ್ರ ಹಾಗೇ ಬಿಟ್ಟರು. ಅದು ಈಗಲೂ ಅಲ್ಲೇ ಕೂತಿದೆ. ತಂತಿ ಹಗ್ಗ ಸುತ್ತುವ ಅದರ ಉರುಳೆಯ ಮುಂದೆ ನಿಂತರೆ ನಾವು ಇರುವೆ.

ಪ್ರವಾಸಿಗರನ್ನು ಏಳನೇ ಅಂತಸ್ತಿನವರೆಗೆ ಕರೆದೊಯ್ಯುತ್ತಾರೆ. ಅದರ ಕೆಳಗಿನದೆಲ್ಲ ನೀರು ತುಂಬಿಕೊಂಡಿದೆ. ಒಳಗೆ ಬೇಸಿಗೆಯಲ್ಲೂ 6 ಡಿಗ್ರಿ ಚಳಿ. ಸ್ವೆಟರ್ ಬೇಡ ಎಂದು ಹಟ ಹಿಡಿದು ಹೋದವನು ನಾನು. ನೀವು ಹಾಗೆ ಮಾಡಬೇಡಿ.

ಲಾಭ ಯಾರಿಗೆ ಹೋಯಿತು?

ಜಾಸ್ತಿ ಪಾಲು ಬಾಸ್ಟನ್‌ಗೆ. ಅಂದರೆ ಸಾವಿರಾರು ಕಿಲೋಮೀಟರ್ ದೂರದ ಷೇರುದಾರರಿಗೆ. ಅಲ್ಲಿನ ಅತಿ ದೊಡ್ಡ ಕಂಪನಿ ಕ್ಯಾಲ್ಯುಮೆಟ್ ಮತ್ತು ಹೆಕ್ಲಾ. ಒಂದು ಕಾಲದಲ್ಲಿ ಅಮೆರಿಕದ ಅರ್ಧ ತಾಮ್ರ ಅದೊಂದರಿಂದಲೇ ಬರುತ್ತಿತ್ತು. ಅದರ ಅಧ್ಯಕ್ಷ ಅಲೆಕ್ಸಾಂಡರ್ ಅಗಾಸಿಜ್ ಸಮುದ್ರ ಜೀವಿಗಳ ದೊಡ್ಡ ವಿಜ್ಞಾನಿ. ಗಣಿಯ ದುಡ್ಡು ಹಾರ್ವರ್ಡಿನ ಮ್ಯೂಸಿಯಂಗೂ ಹರಿಯಿತು.

ಕಂಪನಿ ಕೆಲಸಗಾರರಿಗೆ ಮನೆ, ಆಸ್ಪತ್ರೆ, ಶಾಲೆ, ಗ್ರಂಥಾಲಯ, ಸ್ನಾನದ ಮನೆ ಎಲ್ಲ ಕೊಟ್ಟಿತ್ತು. ಒಳ್ಳೆಯದೇ. ಆದರೆ ಮನೆಯೂ ಅವರದು, ಶಾಲೆಯೂ ಅವರದು ಅಂದಮೇಲೆ ಎದುರು ಮಾತಾಡುವುದು ಹೇಗೆ? ಗೋಕಾಕ ಮಿಲ್ಲಿನ ಚಾಳಿನಲ್ಲಿ ಬೆಳೆದ ನನ್ನ ಸೋದರಮಾವನಿಗೆ ಈ ಮಾತು ಬಿಡಿಸಿ ಹೇಳಬೇಕಾಗಲಿಲ್ಲ.

ಕೆಲಸಗಾರರು ಎಲ್ಲಿಯವರು?

ಮೊದಲು ಬಂದವರು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು. ಅವರ ಊರಿನಲ್ಲಿ ತವರ, ತಾಮ್ರದ ಗಣಿ ಸೊರಗಿದಾಗ ಜಗತ್ತಿನಲ್ಲಿ ಎಲ್ಲಿ ಗಣಿ ಇದೆಯೋ ಅಲ್ಲಿಗೆಲ್ಲ ಹೋದರು. ನಮ್ಮ ಕೋಲಾರದ ಕೆ.ಜಿ.ಎಫ್‌ಗೂ ಬಂದವರು ಅವರೇ. ಒಂದೇ ಓಣಿಯ ಅಣ್ಣ ಮಿಶಿಗನ್‌ಗೆ, ತಮ್ಮ ಕೋಲಾರಕ್ಕೆ ಹೋಗಿದ್ದರೂ ಆಶ್ಚರ್ಯವಿಲ್ಲ. ಆಮೇಲೆ ಐರಿಷರು, ಜರ್ಮನ್ನರು, ಇಟಲಿಯವರು, ಕ್ರೊಯೇಷಿಯಾ, ಸ್ಲೊವೇನಿಯಾದವರು. ಎಲ್ಲರಿಗಿಂತ ಗಟ್ಟಿಯಾಗಿ ಬೇರೂರಿದವರು ಫಿನ್ಲೆಂಡಿನವರು. ಹ್ಯಾನ್ಕಾಕಿನಲ್ಲಿ 1896ರಲ್ಲಿ ಅವರೇ ಒಂದು ಕಾಲೇಜು ತೆರೆದರು. ಅದು 2023ರಲ್ಲಿ ಮುಚ್ಚಿತು. ಅಲ್ಲಿ ಕೆಲವು ಬೀದಿ ಫಲಕಗಳಲ್ಲಿ ಇಂಗ್ಲಿಷ್ ಜೊತೆ ಫಿನ್ನಿಷ್ ಇದೆ. ಫಲಕದ ಭಾಷೆಯ ವಿಷಯ ಬೆಳಗಾವಿಯವನ ಕಣ್ಣಿಗೆ ಬೇಗ ಬೀಳುತ್ತದೆ, ಅಲ್ವಾ? ಅಲ್ಲಿ ಆ ಬಗ್ಗೆ ಜಗಳ ಮಾತ್ರ ಕಾಣಲಿಲ್ಲ.

1913ರಲ್ಲಿ ಏನಾಯಿತು?

ಇದನ್ನು ಹೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

1913ರ ಜುಲೈನಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ಎಂಟು ಗಂಟೆಯ ಕೆಲಸ, ಸ್ವಲ್ಪ ಜಾಸ್ತಿ ಕೂಲಿ, ಸಂಘಕ್ಕೆ ಮಾನ್ಯತೆ ಕೇಳಿದರು. ಇನ್ನೊಂದು ಬೇಡಿಕೆ ಡ್ರಿಲ್ಲಿನದು. ಮೊದಲು ಇಬ್ಬರು ಸೇರಿ ನಡೆಸುತ್ತಿದ್ದ ಡ್ರಿಲ್ಲನ್ನು ಕಂಪನಿಗಳು ಒಬ್ಬನಿಗೆ ವಹಿಸಿದ್ದವು. ಕತ್ತಲೆಯಲ್ಲಿ ಒಬ್ಬನೇ ಇದ್ದಾಗ ಕಲ್ಲು ಬಿದ್ದರೆ ನೋಡುವವರೇ ಇಲ್ಲ. ಹೆಂಡತಿಯರನ್ನು ವಿಧವೆ ಮಾಡುವ ಯಂತ್ರ ಎಂದೇ ಅದಕ್ಕೆ ಹೆಸರು ಬಿತ್ತು.

ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ, ಕ್ಯಾಲ್ಯುಮೆಟ್‌ನ ಇಟಾಲಿಯನ್ ಹಾಲ್‌ನಲ್ಲಿ ಮುಷ್ಕರದವರ ಮಕ್ಕಳಿಗೆ ಸಿಹಿ, ಆಟಿಕೆ ಹಂಚುತ್ತಿದ್ದರು. ಕಾರ್ಯಕ್ರಮ ಮಾಳಿಗೆಯ ಮೇಲೆ. ಯಾರೋ "ಬೆಂಕಿ!" ಎಂದು ಕೂಗಿದರು. ಬೆಂಕಿ ಇರಲೇ ಇಲ್ಲ. ಎಲ್ಲರೂ ಮೆಟ್ಟಿಲಿಗೆ ನುಗ್ಗಿದರು. ಮುಂದಿದ್ದವರು ಬಿದ್ದರು, ಹಿಂದಿನವರು ಅವರ ಮೇಲೆ ಬಿದ್ದರು. 73 ಜನ ಸತ್ತರು. ಅದರಲ್ಲಿ 59 ಮಕ್ಕಳು. ಕೂಗಿದವರು ಯಾರು ಎಂದು ಇವತ್ತಿಗೂ ತೀರ್ಮಾನವಾಗಿಲ್ಲ.

1914ರ ಏಪ್ರಿಲ್‌ನಲ್ಲಿ ಮುಷ್ಕರ ಸೋತು ಮುಗಿಯಿತು. ಕಟ್ಟಡವನ್ನು 1984ರಲ್ಲಿ ಕೆಡವಿದರು. ಬಾಗಿಲ ಕಮಾನು ಮಾತ್ರ ಖಾಲಿ ಜಾಗದಲ್ಲಿ ನಿಂತಿದೆ. ನಾವು ಹೋದ ದಿನ ಯಾರೋ ಅದರ ಬುಡದಲ್ಲಿ ಒಂದು ಪುಟ್ಟ ಆಟಿಕೆ ಕಾರು ಇಟ್ಟು ಹೋಗಿದ್ದರು.

ಗಣಿಗಳು ಯಾಕೆ ಮುಚ್ಚಿದವು? ತಾಮ್ರ ಮುಗಿಯಿತಾ?

ಪೂರ್ತಿ ಮುಗಿಯಲಿಲ್ಲ. ತೆಗೆಯುವ ಖರ್ಚು ಏರಿತು. ಮೊದಮೊದಲು ಕ್ಯಾಲ್ಯುಮೆಟ್‌ನಲ್ಲಿ ನೂರು ಕಿಲೋ ಕಲ್ಲು ಕುಟ್ಟಿದರೆ ನಾಲ್ಕು ಕಿಲೋ ಆಸುಪಾಸು ತಾಮ್ರ ಸಿಗುತ್ತಿತ್ತು. ಆಳಕ್ಕೆ ಹೋದಂತೆ ಅದು ಒಂದೆರಡು ಕಿಲೋಗೆ ಇಳಿಯಿತು. ಅತ್ತ 1887ರ ಹೊತ್ತಿಗೇ ಮೊಂಟಾನಾದ ಬ್ಯೂಟ್ ಗಣಿಗಳು ಮುಂದೆ ಹೋಗಿದ್ದವು. ಆಮೇಲೆ ಅರಿಜೋನಾ, ಯೂಟಾದಲ್ಲಿ ಬಯಲಲ್ಲೇ ಗುಡ್ಡ ಅಗೆದು ತಾಮ್ರ ತೆಗೆಯತೊಡಗಿದರು. ಮೂರು ಕಿಲೋಮೀಟರ್ ಕೆಳಗಿಂದ ಕಲ್ಲು ಎಳೆಯುವವರು ಅವರ ಜೊತೆ ಹೇಗೆ ತೂಗಬೇಕು? ಕೊನೆಗೆ 1968ರ ಮುಷ್ಕರದ ನಂತರ ಕ್ಯಾಲ್ಯುಮೆಟ್ ಕಂಪನಿಯ ಗಣಿಗಳೂ ಮುಚ್ಚಿದವು. ದಕ್ಷಿಣಕ್ಕಿರುವ ವೈಟ್ ಪೈನ್ ಗಣಿ ಮಾತ್ರ 1995ರವರೆಗೆ ನಡೆಯಿತು. ಅಲ್ಲಿನದು ಅದಿರು, ಬೇರೆ ಬಗೆಯ ಕಲ್ಲು.

1910ರಲ್ಲಿ ಹೋಟನ್ ಕೌಂಟಿಯ ಜನಸಂಖ್ಯೆ 88,098. 2020ರಲ್ಲಿ 37,361. ಅದರ ಮೇಲಿನ ಕೀವಿನಾ ಕೌಂಟಿಯಲ್ಲಿ 2,046 ಜನ. ಕೌಂಟಿ ಅಂದರೆ ಜಿಲ್ಲೆ ಇದ್ದ ಹಾಗೆ. ನಮ್ಮ ಕಡೆ ಅಷ್ಟು ಜನ ಒಂದು ಜಾತ್ರೆಯ ಪಂಕ್ತಿಯಲ್ಲಿ ಕೂರುತ್ತಾರೆ.

ಕುಟ್ಟಿದ ಕಲ್ಲಿನ ಪುಡಿ ಏನಾಯಿತು?

ಅಲ್ಲೇ ಇದೆ. ಗೇ ಎಂಬ ಸಣ್ಣ ಊರಿನ ದಂಡೆಯಲ್ಲಿ ಎರಡು ಕೋಟಿ ಟನ್‌ಗಿಂತ ಜಾಸ್ತಿ ಬೂದು-ಕಪ್ಪು ಮರಳು ಸುರಿದಿದ್ದರು. ಅಲೆಗಳು ಅದನ್ನು ದಂಡೆಗುಂಟ ತಳ್ಳುತ್ತಾ ಬಫಲೋ ರೀಫ್ ಎಂಬ ನೀರೊಳಗಿನ ಕಲ್ಲುದಿಬ್ಬದ ಕಡೆ ಒಯ್ಯುತ್ತಿವೆ. ಅಲ್ಲಿನ ಮೀನು ಮೊಟ್ಟೆ ಇಡುವುದು ಆ ಕಲ್ಲುಗಳ ಸಂದಿಯಲ್ಲಿ. ಸಂದಿ ಮುಚ್ಚಿದರೆ ಮೀನಿಲ್ಲ. ಒಪ್ಪಂದದಲ್ಲಿ ಮೀನುಗಾರಿಕೆಯ ಹಕ್ಕು ಉಳಿಸಿಕೊಂಡಿದ್ದ ಓಜಿಬ್ವೆ ಜನರಿಗೆ ಪೆಟ್ಟು ಬೀಳುವುದು ಹೀಗೆ, ನೂರೆಂಬತ್ತು ವರ್ಷದ ಮೇಲೆ. ಟಾರ್ಚ್ ಲೇಕ್ ಎಂಬ ಇನ್ನೊಂದು ಕೆರೆಯ ತಳವೂ ಇದೇ ಪುಡಿಯಿಂದ ತುಂಬಿದೆ. ಅದನ್ನು 1986ರಲ್ಲಿ ಕೇಂದ್ರ ಸರ್ಕಾರ ವಿಷ ಶುಚಿ ಮಾಡಬೇಕಾದ ಜಾಗಗಳ ಪಟ್ಟಿಗೆ ಸೇರಿಸಿತು.

ಗೇ ದಂಡೆಯಲ್ಲಿ ನಾನು ಅರ್ಧ ಗಂಟೆ ನಡೆದೆ. ಒಂದು ಹುಲ್ಲುಕಡ್ಡಿ ಇಲ್ಲ. ತಾಮ್ರ ಸ್ವಲ್ಪ ಇದ್ದರೆ ಚೊಂಬಿನ ನೀರಿಗೆ ಒಳ್ಳೆಯದು ಎಂದು ಗಿರಾಕಿಗಳಿಗೆ ದಿನಾ ಹೇಳುವವನು ನಾನು! ಮೀನಿಗೆ, ನೀರಿನ ಹುಳುಗಳಿಗೆ ಅದೇ ವಿಷ.

ನನ್ನ ಮಗನಿಗೆ ಅಲ್ಲಿ ಸೀಟು ಸಿಕ್ಕಿದೆ. ಚಳಿ ಹೇಗೆ?

ಭಯಂಕರ. ಬೆಳಗಾವಿ ಚಳಿ ಎಂದು ಹೆಮ್ಮೆಪಡುವವರು ಒಮ್ಮೆ ಹೋಗಿ ಬನ್ನಿ. ಸರೋವರದ ಮೇಲಿಂದ ಬರುವ ಗಾಳಿ ತೇವ ಹೊತ್ತು ತಂದು ಈ ಗುಡ್ಡದ ಮೇಲೆ ಹಿಮವಾಗಿ ಸುರಿಯುತ್ತದೆ. ವರ್ಷಕ್ಕೆ ಐದು ಮೀಟರ್ ಮಾಮೂಲು. 1978-79ರ ಚಳಿಗಾಲದಲ್ಲಿ 390.4 ಇಂಚು, ಅಂದರೆ ಹತ್ತಿರ ಹತ್ತಿರ ಹತ್ತು ಮೀಟರ್ ಬಿತ್ತು. ರಸ್ತೆ ಪಕ್ಕದಲ್ಲಿ ಆ ಎತ್ತರ ತೋರಿಸುವ ಒಂದು ದೊಡ್ಡ ಅಳತೆ ಕಂಬವನ್ನೇ ನಿಲ್ಲಿಸಿದ್ದಾರೆ. ಜಾಕೆಟ್, ಬೂಟು ಇಲ್ಲಿಂದ ಕೊಂಡುಹೋಗಬೇಡಿ, ಅಲ್ಲೇ ಕೊಳ್ಳಿ. ಇಲ್ಲಿಯದು ಅಲ್ಲಿ ನಡೆಯುವುದಿಲ್ಲ.

ಅಲ್ಲಿನ ವಿಶ್ವವಿದ್ಯಾಲಯ ಮಿಶಿಗನ್ ಟೆಕ್ 1885ರಲ್ಲಿ ಗಣಿ ಶಾಲೆಯಾಗಿ ಶುರುವಾದದ್ದು. ಗಣಿ ಹೋಯಿತು, ಶಾಲೆ ಉಳಿಯಿತು. ಈಗ ಹೋಟನ್ ಊರು ಉಸಿರಾಡುತ್ತಿರುವುದು ಅದರಿಂದಲೇ ಎಂದು ನನ್ನ ಲೆಕ್ಕ. ಶಿಕಾಗೋದಿಂದ ಸಣ್ಣ ವಿಮಾನ ಇದೆ, ರಸ್ತೆಯಲ್ಲಾದರೆ ಏಳೆಂಟು ಗಂಟೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು ಇರುತ್ತದೆ. ಊಟಕ್ಕೆ ಕರೆದರೂ ನನಗೆ ಹಸಿವೇ ಆಗುತ್ತಿರಲಿಲ್ಲ.

ಊಟಕ್ಕೆ ಏನು ಸಿಗುತ್ತದೆ?

ಅಲ್ಲಿನ ತಿಂಡಿ ಪಾಸ್ಟಿ. ಕಾರ್ನ್‌ವಾಲ್‌ನವರು ತಂದದ್ದು. ನಮ್ಮ ಕರಚಿಕಾಯಿಯನ್ನು ಅಂಗೈಗಿಂತ ದೊಡ್ಡದು ಮಾಡಿ, ಹೂರಣದ ಬದಲು ಆಲೂಗಡ್ಡೆ, ಉಳ್ಳಾಗಡ್ಡಿ, ಒಂದು ಬಗೆಯ ಗಡ್ಡೆ, ಮಾಂಸ ತುಂಬಿ ಬೇಯಿಸಿದ ಹಾಗೆ. ಗಣಿಯೊಳಗೆ ಬುತ್ತಿಯಾಗಿ ಒಯ್ಯುತ್ತಿದ್ದರು. ತರಕಾರಿಯದೂ ಸಿಗುತ್ತದೆ, ಕೇಳಿ ತಗೊಳ್ಳಿ. ಖಾರ ಇಲ್ಲವೇ ಇಲ್ಲ. ಶೇಂಗಾ ಚಟ್ನಿ ಪುಡಿ ಕೈಯಲ್ಲಿರಲಿ.

ನೋಡಲು ಏನೇನಿದೆ?

ಕ್ವಿನ್ಸಿ ಗಣಿ ಬಿಡಬೇಡಿ. ಕ್ಯಾಲ್ಯುಮೆಟ್‌ನಲ್ಲಿ 1900ರ ನಾಟಕ ಮಂದಿರ ಇದೆ. ಅಲ್ಲಿನ ಹಳೆಯ ಕಟ್ಟಡಗಳು ಕೆಂಪು ಮರಳುಗಲ್ಲಿನವು, ಬಾದಾಮಿಯ ಬಣ್ಣ ನೆನಪಾಗುತ್ತದೆ. 1992ರಲ್ಲಿ ಇಲ್ಲಿನ ಗಣಿ ಜಾಗಗಳನ್ನೆಲ್ಲ ಸೇರಿಸಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಮಾಡಿದರು. ಖನಿಜ ಮ್ಯೂಸಿಯಂಗೆ ಅರ್ಧ ದಿನ ಇಡಿ.

ನಮ್ಮ ಕರ್ನಾಟಕದಲ್ಲಿ ತಾಮ್ರದ ಗಣಿ ಇರಲಿಲ್ಲವಾ?

ಇತ್ತು. ಚಿತ್ರದುರ್ಗದ ಹತ್ತಿರ ಇಂಗಳದಾಳದಲ್ಲಿ, ಹಾಸನ ಜಿಲ್ಲೆಯ ಕಲ್ಯಾಡಿಯಲ್ಲಿ. ಎರಡೂ ನಿಂತುಹೋಗಿವೆ. ದೇಶದಲ್ಲಿ ಈಗ ರಾಜಸ್ಥಾನದ ಖೇತ್ರಿ, ಮಧ್ಯಪ್ರದೇಶದ ಮಲಂಜಖಂಡ, ಜಾರ್ಖಂಡದ ಸಿಂಗಭೂಮ್ ಮುಖ್ಯ. ನಮ್ಮ ಜಿಲ್ಲೆಯ ತಾಮ್ರ ಅಂದರೆ ಖಾನಾಪುರ ತಾಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಶಾಸನಗಳು. ಗಣಿ ಇಲ್ಲದ ಊರಲ್ಲೂ ತಾಮ್ರ ಹದಿನೈದು ಶತಮಾನ ಬಾಳುತ್ತದೆ, ನೆಲದಲ್ಲಿ ಹೂತಿಟ್ಟರೆ.

ಅಲ್ಲಿಂದ ತಾಮ್ರದ ತುಂಡು ತರಬಹುದಾ?

ಉದ್ಯಾನದ ಜಾಗದಲ್ಲಿ ಒಂದು ಕಲ್ಲನ್ನೂ ಎತ್ತಬೇಡಿ, ತಪ್ಪು. ಅಂಗಡಿಗಳಲ್ಲಿ ಮಾರುತ್ತಾರೆ, ರಸೀದಿ ತಗೊಳ್ಳಿ. ನಾನು ಮುಷ್ಟಿಯಷ್ಟು ತುಂಡು ಕೊಂಡು, ಕೈಚೀಲದಲ್ಲಿ ಇಟ್ಟುಕೊಂಡು, ಒಂದು ವಿಮಾನ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ನಿಂತೆ. ಯಂತ್ರದಲ್ಲಿ ಅದು ಬರೀ ಕಪ್ಪು ಉಂಡೆಯಾಗಿ ಕಾಣುತ್ತದಂತೆ. ದೊಡ್ಡ ಬ್ಯಾಗಿನಲ್ಲಿ ಹಾಕಿ.

ಊರಿಗೆ ಬಂದು ಅದನ್ನು ತಾಂಬಟ ಅಜ್ಜನಿಗೆ ತೋರಿಸಿದೆ. ಈಗ ಅವನಿಗೆ ಕಣ್ಣು ಮಂಜು, ಕೆಲಸ ಬಿಟ್ಟು ವರ್ಷಗಳಾದವು. ಕೈಯಲ್ಲಿ ಹಿಡಿದು ತೂಗಿದ, ಉಗುರಿನಿಂದ ಕೆರೆದ, ಮೊಮ್ಮಗನಿಂದ ಸುತ್ತಿಗೆ ತರಿಸಿ ಮೆಲ್ಲಗೆ ಎರಡೇಟು ಹಾಕಿ ಕಿವಿಗೊಟ್ಟ.

"ಇದನ್ನ ಯಾರೂ ಕರಗಿಸಿಲ್ಲಲಾ?" ಅಂದ.

"ಇಲ್ಲಜ್ಜಾ, ಭೂಮ್ಯಾಗ ಹಿಂಗ ಇತ್ತಂತ."

"ಎಷ್ಟ ಕೊಟ್ಟಿ?"

ಡಾಲರನ್ನು ರೂಪಾಯಿಗೆ ತಿರುಗಿಸಿ ಹೇಳಿದೆ. ಅಜ್ಜ ತುಂಡನ್ನು ನನ್ನ ಕೈಗೆ ವಾಪಸ್ ಕೊಟ್ಟು, "ಬೋಗಾರವೇಸ್‌ನ್ಯಾಗ ಹುಟ್ಟಿ ಹಿಂಗ ತಗೊಳ್ಳೂದೇನೋ ತಮ್ಮಾ" ಎಂದು ನಗತೊಡಗಿದ.